ಗಾಯರಾಣದ ಗ್ಯಾಸು

ಹುಲ್ಲಿನಿಂದಲೂ ಒಲೆ ಉರಿಸುವ ಗ್ಯಾಸು ಮಾಡಬಹುದು ಎಂದು ಝಳಕಿಯ ವಿಜ್ಞಾನದ ಮಾಸ್ತರ ಬಸಂತರಾಯರು ತರಗತಿಯಲ್ಲಿ ಒಂದೇ ಒಂದು ಸಲ ಹೇಳಿದ್ದರು. ಅದೂ ಗಂಟೆ ಹೊಡೆಯುವವರೆಗೆ ಹೊತ್ತು ಹೋಗಲಿ ಎಂದು. ಪೆಟ್ರೋಲು ತುಟ್ಟಿಯಾದ ಎಪ್ಪತ್ತನಾಲ್ಕನೆಯ ಇಸವಿ. ಮಾತು ಊರು ಸುತ್ತಿ ಇಂಡಿ ತಾಲೂಕಿನ ತಹಶೀಲ್ದಾರರ ಕಿವಿಗೆ ಬಿತ್ತು. "ಮಾಡಿ ತೋರಸ್ರಿ" ಎಂದು ಅಪ್ಪಣೆಯಾಯಿತು.

ಮಾಸ್ತರರು ನಿಟ್ಟುಸಿರು ಬಿಟ್ಟು, ಊರ ದನಕುರಿ ಮೇಯುವ ಗಾಯರಾಣದ ಹುಲ್ಲು ಕೊಯ್ದು, ಕೊಚ್ಚಿ, ಸಗಣಿನೀರು ಬೆರೆಸಿ ಡ್ರಮ್ಮಿನಲ್ಲಿ ಒಂದು ತಿಂಗಳು ಕೊಳೆಹಾಕಿದರು. ಹುಟ್ಟಿದ ಗ್ಯಾಸು ತುಂಬಿಕೊಳ್ಳಲು ಸೈಕಲ್ ಅಂಗಡಿಯ ರಸೂಲಸಾಬ ಹಳೆಯ ಟ್ರ್ಯಾಕ್ಟರ್ ಟ್ಯೂಬು ಜೋಡಿಸಿ, ಅದರಿಂದ ಒಲೆಗೆ ಕೊಳವೆ ಎಳೆದುಕೊಟ್ಟ. ನಾತಕ್ಕೆ ಓಣಿ ಮೂಗು ಮುಚ್ಚಿಕೊಂಡಿತು. ಹೆಂಡತಿ ಹೊನ್ನವ್ವ ಮಾತು ಬಿಟ್ಟಳು.

ತಹಶೀಲ್ದಾರರು ಬರುವ ದಿನ ಬೆಳಿಗ್ಗೆಯೇ ನೆರೆಮನೆಯ ಕುರಿಗಾರ್ತಿ ಚಂದವ್ವ ಬಾಗಿಲಿಗೆ ಬಂದಳು.

"ಮಾಸ್ತರ, ನನ್ನ ಕುರಿ ತಿನ್ನೂ ಹುಲ್ಲ ಡ್ರಮ್ಮಿಗಿ ತಿನಸೀರಿ. ಡ್ರಮ್ಮು ಮರಿ ಹಾಕ್ತೈತೇನ್ರಿ?"

"ಉರಿ ಹಾಕ್ತೈತವ್ವಾ" ಎಂದರು ಮಾಸ್ತರರು, ತಮಗೇ ನಂಬಿಕೆಯಿಲ್ಲದ ದನಿಯಲ್ಲಿ.

ಮಧ್ಯಾಹ್ನ ಜೀಪು ಬಂತು. ಅಂಗಳದ ತುಂಬ ಜನ. ಮಾಸ್ತರರು ಕಡ್ಡಿ ಗೀರಿದರು, ಆರಿತು. ಮತ್ತೊಂದು ಗೀರಿದರು, ಒಲೆ ಮುದಿಬೆಕ್ಕಿನಂತೆ ಬುಸ್ಸೆಂದು ಸುಮ್ಮನಾಯಿತು.

"ಬೆಲ್ಲ ಹಾಕಬೇಕಿತ್ರಿ" ಎಂದ ಒಬ್ಬ.

"ಬೆಲ್ಲಲ್ಲ, ಒತ್ತು ಸಾಲವಲ್ದು," ಎಂದ ರಸೂಲಸಾಬ. "ಟ್ಯೂಬಿನ ಮ್ಯಾಲ ಯಾರರೆ ಭಾರದವರು ಕುಂದರ್ರಿ."

ಎಲ್ಲರ ಕಣ್ಣೂ ಚಂದವ್ವನ ಮೇಲೆ ನೆಟ್ಟವು.

"ನನ್ನ್ಯಾಕ ನೋಡಾಕತ್ತೀರಿ? ನಿಮ್ಮ ಬಾಯಾಗ ಮಣ್ಣ ಬೀಳ್ಲಿ!" ಎಂದು ಬೈಯುತ್ತಲೇ ಆಕೆ ಸೆರಗು ಸಿಕ್ಕಿಸಿ ಟ್ಯೂಬಿನ ಮೇಲೆ ಕುಕ್ಕರಿಸಿದಳು.

ಭಗ್ಗನೆ ಎದ್ದ ಉರಿ ಮಾಸ್ತರರ ಅರ್ಧ ಮೀಸೆ ತಿಂದಿತು. ಜನ ಚಪ್ಪಾಳೆ ತಟ್ಟಿದರು. ಹೊನ್ನವ್ವ ಓಡಿಬಂದು ಚಹಾಕ್ಕಿಟ್ಟಳು. ಒಂದು ಕಪ್ಪು ಕುದಿಯುವಷ್ಟರಲ್ಲಿ ಟ್ಯೂಬು ಚಪ್ಪಟೆಯಾಗಿ ಚಂದವ್ವ ನೆಲ ಮುಟ್ಟಿದಳು, ಉರಿ ಆರಿತು. ಆ ಕಪ್ಪು ತಹಶೀಲ್ದಾರರಿಗೇ ಹೋಯಿತು.

"ಶಾಬ್ಬಾಸ್ ಮಾಸ್ತರ! ನಿಮಗೊಂದು ವ್ಯವಸ್ಥಾ ಮಾಡೇ ಹೋಗ್ತೇನಿ."

ಬಸಂತರಾಯರು ಮೀಸೆಯ ಉರಿ ಮರೆತರು. ಹೆಂಡತಿಯ ತವರು ಬಾಗೇವಾಡಿಗೆ ವರ್ಗವಾದೀತೇ? ಎಷ್ಟು ವರ್ಷದ ಅರ್ಜಿ!

ತಹಶೀಲ್ದಾರರು ಜನರತ್ತ ತಿರುಗಿದರು. "ಹುಲ್ಲಿನಾಗ ಉರಿ ತಗಿಯೋ ಮನಿಗಿ ಸರ್ಕಾರ ರೇಶನ್ನಿನಾಗ ಕೊಡೂ ಚಿಮಣಿ ಎಣ್ಣಿ ಯಾಕ್ರಪಾ? ಇವತ್ತಿನಿಂದ ಮಾಸ್ತರರ ಪಾಲಿನ ಎಣ್ಣಿ ಬಂದ್. ಅದು ನಿಮ್ಮ ಪಾಲಿಗಿ!"

"ನಿಮ್ಮ ಹೊಟ್ಟಿ ತಣ್ಣಗಿರಲಿ ಮಾಸ್ತರ" ಎಂದು ಚಂದವ್ವ ನೆಲದ ಮೇಲಿಂದಲೇ ಹರಸಿದಳು.

"ಸಾಹೇಬ್ರ, ಇದು ಬರೇ ಒಂದ ಕಪ್ಪಿಗಿ..." ಎಂದು ಮಾಸ್ತರರು ಹೇಳುವಷ್ಟರಲ್ಲಿ ಜೀಪು ಧೂಳೆಬ್ಬಿಸಿ ಹೋಗಿತ್ತು.

ಹೊನ್ನವ್ವ ಒಳಗಿನಿಂದ ಕುಡಗೋಲು ತಂದು ಗಂಡನ ಕೈಗಿಟ್ಟಳು.

"ಬರೂ ತಿಂಗಳ ಚಹಾ ಕುಡಿಯೂದಿದ್ರ, ಇವತ್ತ ಹುಲ್ಲಿಗಿ ಹೋಗ್ರಿ."