ಆ ತೆಂಗಿನಕಾಯಿಗಳೆಲ್ಲ ಎಲ್ಲಿ ಹೋದವು

ಬಿದ್ದವರನ್ನು ಎತ್ತುವುದಕ್ಕೆ ನಮ್ಮ ಕಡೆ ಜನಕ್ಕೆ ಬರವಿಲ್ಲ. ಒಬ್ಬರು ನೀರು ತರುತ್ತಾರೆ, ಒಬ್ಬರು ಗಾಳಿ ಬೀಸುತ್ತಾರೆ, ಇನ್ನೊಬ್ಬರು “ಎದ್ದೇಳಮ್ಮ, ಏನೂ ಆಗಿಲ್ಲ” ಎಂದು ಮುರಿದ ಕೈಯನ್ನೇ ಹಿಡಿದು ಎಳೆಯುತ್ತಾರೆ. ಆದರೆ ನೀವು ಹೇಗೆ ಬಿದ್ದಿರಿ ಎಂದು ಆಮೇಲೆ ಯಾರಾದರೂ ಹೇಳಬೇಕಾಗಿ ಬಂದರೆ ಅಷ್ಟು ಜನರಲ್ಲಿ ಒಬ್ಬರೂ ಕೈಗೆ ಸಿಗುವುದಿಲ್ಲ. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಹಾಗೆ ಎಳೆಸಿಕೊಂಡ ಕೈ ನನ್ನದೇ.

ಅಜ್ಜಂಪುರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ರವಿಕೆ ಹೊಲಿಯುವುದೇ ನನ್ನ ಕಸುಬು. ಲೈನಿಂಗ್ ಬಟ್ಟೆ ತರಲು ಕಡೂರಿಗೆ ಹೋಗಿ ನಮ್ಮ ಯಜಮಾನರ ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದೆವು. ಮುಂದೆ ತೆಂಗಿನಕಾಯಿ ಚೀಲಗಳನ್ನು ಹೇರಿಕೊಂಡ ಟ್ರ್ಯಾಕ್ಟರ್ ಹೋಗುತ್ತಿತ್ತು. ರಸ್ತೆಯ ಉಬ್ಬಿನ ಮೇಲೆ ಅದು ಎಗರಿದ ರಭಸಕ್ಕೆ ಮೇಲಿನ ಚೀಲವೊಂದು ಕೆಳಗೆ ಬಿದ್ದು ಬಾಯಿ ಬಿಚ್ಚಿಕೊಂಡಿತು. ಕಾಯಿಗಳು ರಸ್ತೆ ತುಂಬ ಉರುಳಿದವು. ಅದರಲ್ಲೊಂದು ನೇರ ನಮ್ಮ ಮುಂದಿನ ಚಕ್ರಕ್ಕೆ ಬಂತು. ಯಜಮಾನರ ಮೊಣಕಾಲು ತರಚಿತು, ನನ್ನ ಬಲಗೈ ಮಣಿಕಟ್ಟು ಮುರಿಯಿತು. ಟ್ರ್ಯಾಕ್ಟರ್ ತಿರುಗಿಯೂ ನೋಡದೆ ಹೋಯಿತು. ಯಜಮಾನರು ಮಾತ್ರ ಅದರ ನಂಬರ್ ನೋಡಿಕೊಂಡಿದ್ದರು. ಮದುವೆಯಾದ ಮೇಲೆ ಅವರು ಸಮಯಕ್ಕೆ ಸರಿಯಾಗಿ ಮಾಡಿದ ಕೆಲಸ ಬಹುಶಃ ಅದೊಂದೇ.

ಕೈಗೆ ರಾಡ್ ಹಾಕಿದರು. ಕತ್ತರಿ ಹಿಡಿದರೆ ಹೆಬ್ಬೆರಳು ನನ್ನ ಮಾತು ಕೇಳುವುದಿಲ್ಲ. ಮದುವೆ ಕಾಲದ ರವಿಕೆಗಳೆಲ್ಲ ಎದುರು ಅಂಗಡಿಗೆ ಹೋದ ದಿನ ಹೊಲಿಗೆ ಮಿಷನ್ನಿನ ಮುಂದೆ ಕೂತು ಅತ್ತುಬಿಟ್ಟೆ. ಇನ್ನು ಪರಿಹಾರದ ಹಣವೇ ಗತಿಯೆಂದು ತರೀಕೆರೆಯ ವಕೀಲರನ್ನು ಹಿಡಿದೆವು. ಅವರು ಬಹಳ ನಿಧಾನಸ್ಥ ಮನುಷ್ಯ. ಒಮ್ಮೆ ಮನೆಗೇ ಬಂದು ನನ್ನ ಕೈ ನೋಡಿ, ಊಟ ಮಾಡಿಕೊಂಡು ಹೋಗಿದ್ದರು.

“ಕೈ ಮುರಿದಿದ್ದಕ್ಕೆ ಎಕ್ಸ್‌ರೇ ಇದೆ ಕಣಮ್ಮ,” ಎಂದರು ಆಮೇಲೊಂದು ದಿನ. “ಚೀಲ ಬಿತ್ತು ಅನ್ನೋದಕ್ಕೆ ಏನಿದೆ? ಉಬ್ಬು ನೋಡ್ದೆ ನೀವೇ ಬಿದ್ರಿ ಅಂತಾರೆ ಟ್ರ್ಯಾಕ್ಟರ್‌ನೋರು. ಪೊಲೀಸ್ನೋರು ಮಹಜರಿಗೆ ಹೋದಾಗ ರಸ್ತೇಲಿ ಒಂದು ಕಾಯೂ ಇರಲಿಲ್ವಂತೆ.”

ಒಂದು ಇಡೀ ಚೀಲ ತೆಂಗಿನಕಾಯಿ, ಪೊಲೀಸರು ಬರುವಷ್ಟರಲ್ಲಿ ಒಂದೂ ಇರಲಿಲ್ಲ. ಕೈ ಮುರಿದಾಗಲೂ ನನಗೆ ಅಷ್ಟು ಗಾಬರಿಯಾಗಿರಲಿಲ್ಲ. ಮಾರನೆಯ ದಿನವೇ ಆ ಉಬ್ಬಿನ ಎದುರಿಗಿರುವ ಟೀ ಹೋಟೆಲಿನ ರುದ್ರಪ್ಪನವರ ಹತ್ತಿರ ಹೋದೆ. ಅವರು ಪ್ರೀತಿಯಿಂದ ಕೂರಿಸಿ, ಇಡ್ಲಿ ಕೊಟ್ಟರು. “ನೀವು ಬಿದ್ದಿದ್ದು ನೋಡ್ದೆ ಕಣಮ್ಮ. ಗಾಳಿ ಬೀಸ್ದೋನೂ ನಾನೇಯ. ಕಾಯಿ ಮಾತ್ರ ನಾನು ನೋಡ್ಲಿಲ್ಲ” ಎಂದರು. ಚಟ್ನಿಗೆ ಕಾಯಿ ಧಾರಾಳವಾಗಿ ಬಿದ್ದಿತ್ತು. ಅವರ ಮುಖ ನೋಡುತ್ತ ನೋಡುತ್ತ ನನ್ನ ಪಿತ್ತ ನೆತ್ತಿಗೇರಿತು. ಇಂಥ ಜನರೂ ಇರುತ್ತಾರಲ್ಲ ಎಂದು ಅಲ್ಲಿಂದ ಬುಸುಬುಸು ಎನ್ನುತ್ತ ಎದ್ದೆ. ಇಡ್ಲಿ ಮುಗಿಸಿಯೇ ಎದ್ದೆ, ಅದು ಬೇರೆ ವಿಷಯ.

ಪಕ್ಕದಲ್ಲಿ ಹೂ ಮಾರುವ ಗಂಗಮ್ಮ ಆವತ್ತು ನನಗೆ ನೀರು ಕುಡಿಸಿದ್ದವರು. “ಬತ್ತೀನಿ ಬಿಡವ್ವ, ನಂಗೇನ್ ಭಯ,” ಎಂದರು. “ಚೀಲ ಬಿದ್ದಿದ್ದ ಈ ಕಣ್ಣಾಗೇ ಕಂಡೀನಿ. ಆದ್ರೆ ಕಾಯಿ ಯಾರ್ಯಾರು ಆಯ್ಕಂಡ್ರು ಅಂತ ಕೇಳಿದ್ರೆ ಎಲ್ರ ಹೆಸ್ರೂ ಹೇಳ್ಬೇಕಾಯ್ತದೆ. ರುದ್ರಪ್ಪಂದು, ನಂದು, ನಿಂದು.”

“ನಂದಾ?”

“ಹೂಂ ಮತ್ತೆ. ನಿನ್ನ ಆಟೋದಾಗೆ ಕೂರ್ಸಿದ್ ಮ್ಯಾಲೆ ನಿಮ್ ಬ್ಯಾಗಿಗೆ ನಾನೇ ಕಾಯಿ ತುಂಬ್ದೆ. ಎಲ್ರೂ ತಗಂಡ್ರು, ಬಿದ್ದೋಳಿಗೂ ಒಂದ್ ಪಾಲು ಬ್ಯಾಡ್ವಾ? ಖಾಲಿ ಗೋಣಿ ಮಡಿಸಿ ನಿನ್ ಕೈ ಕೆಳಕ್ಕೆ ಇಟ್ಟಿದ್ದೂ ನಾನೇಯ, ಮೆತ್ತಗಿರ್ಲಿ ಅಂತ.”

ನನ್ನ ಆರೈಕೆಗೆ ಬಂದಿದ್ದ ನಾದಿನಿ, “ಅತ್ತಿಗೆ, ಬ್ಯಾಗಲ್ಲಿ ಎಷ್ಟೊಂದು ಕಾಯಿ” ಎಂದು ಸಂಭ್ರಮಪಟ್ಟದ್ದು ನೆನಪಾಯಿತು. ಯಜಮಾನರು ತಂದದ್ದೆಂದು ನಾನು ತಿಳಿದಿದ್ದೆ, ನಾನು ಕಡೂರಿನಲ್ಲಿ ಕೊಂಡದ್ದೆಂದು ಅವರು ತಿಳಿದಿದ್ದರು. ಒಬ್ಬರನ್ನೊಬ್ಬರು ಏನೂ ಕೇಳದೆ ಸಂಸಾರ ಮಾಡಿದರೆ ಹೀಗೇ ಆಗುವುದು. ಜೀವ ಉಳಿಯಿತಲ್ಲ ಎಂದು ಅಮ್ಮನ ಗುಡಿಯಲ್ಲಿ ಒಡೆಸಿದ್ದೂ ಅದರಲ್ಲೇ ಒಂದು ಕಾಯಿ. ಉಳಿದವನ್ನು ನಾದಿನಿ ಕಾಯಿ ಹೋಳಿಗೆ ಮಾಡಿ, ನನ್ನನ್ನು ನೋಡಲು ಬಂದವರಿಗೆಲ್ಲ ಬಡಿಸಿದ್ದಳು.

ಮನೆಗೆ ಓಡಿಬಂದು ಬಚ್ಚಲುಮನೆ ಬಾಗಿಲಲ್ಲಿ ಕಾಲೊರೆಸಲು ಹಾಸಿದ್ದ ಗೋಣಿಯನ್ನು ಮಗುಚಿ ನೋಡಿದೆ. ಕೆಂಪು ಬಣ್ಣದಲ್ಲಿ ಆ ಟ್ರ್ಯಾಕ್ಟರ್ ಮಾಲೀಕರದೇ ತೆಂಗಿನಕಾಯಿ ಮಂಡಿಯ ಹೆಸರು. ಅರ್ಧಕ್ಕರ್ಧ ಅಕ್ಷರಗಳು ಅಳಿಸಿಹೋಗಿದ್ದವು. ಅಷ್ಟು ದಿನ ಅವುಗಳ ಮೇಲೆ ಪಾದ ಉಜ್ಜಿದವಳು ನಾನೇ.

ಗೋಣಿ ನೋಡಿ ವಕೀಲರ ಮುಖ ಅರಳಿತು. “ಇದು ಒಳ್ಳೇ ಸಾಕ್ಷಿ ಕಣಮ್ಮ. ಆದ್ರೆ ಕಾಯೆಲ್ಲಿ ಅಂತ ಕೇಳೇ ಕೇಳ್ತಾರೆ.”

“ತಿಂದ್ವಿ ಅಂತೀನಿ ಸಾರ್. ಯಾರ್ಯಾರು ತಿಂದ್ರಿ ಅಂದ್ರೆ ನಿಮ್ಮ ಹೆಸರೂ ಹೇಳಬೇಕಾಗುತ್ತೆ. ಆವತ್ತು ಎರಡು ಹೋಳಿಗೆ ಹಾಕಿಸ್ಕೊಂಡ್ರಿ.”

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ತುಪ್ಪ ನಿಮ್ಮದೇ ತಾನೇ?” ಎಂದರು.

ಮತ್ತೆ ರುದ್ರಪ್ಪನವರ ಹೋಟೆಲಿಗೆ ಹೋದೆ. ಈ ಸಲ ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ನಮ್ಮ ಪಾಲಿನ ಕಾಯಿಯ ಕಥೆ ಹೇಳಿ, “ಕೋರ್ಟಲ್ಲಿ ನಾನೇ ಮೊದಲು ಒಪ್ಕೊಳ್ತೀನಿ” ಎಂದೆ. ಅವರು ಟೀ ಸೋಸುವುದನ್ನು ನಿಲ್ಲಿಸಿ, “ನೀವೇ ಒಪ್ಕಂಡ್ ಮ್ಯಾಲೆ ನಂದೇನೈತೆ, ನಾನೂ ಬತ್ತೀನಿ ಬಿಡಿ” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಕಾಯಿ ಭಾಳ ಚೆನ್ನಾಗಿದ್ವು ಅಲ್ವಾ” ಎಂದು ಸೇರಿಸಿದರು.

ಮೊನ್ನೆ ತರೀಕೆರೆ ಕೋರ್ಟಿನಲ್ಲಿ ನನ್ನ ಸರದಿ ಬಂತು. ರುದ್ರಪ್ಪನವರೂ ಗಂಗಮ್ಮನೂ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಎದುರು ಕಡೆಯ ವಕೀಲರು, “ಈ ಅಪಘಾತಕ್ಕಾಗಿ ಟ್ರ್ಯಾಕ್ಟರ್ ಕಡೆಯಿಂದ ನಿಮಗೆ ಈವರೆಗೆ ಏನಾದರೂ ಸಿಕ್ಕಿದೆಯೇ?” ಎಂದು ಕೇಳಿದರು. ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸತ್ಯವನ್ನೇ ಹೇಳುತ್ತೇನೆಂದು ಆಗಷ್ಟೇ ಪ್ರಮಾಣ ಮಾಡಿದ್ದೆ. ನನ್ನ ವಕೀಲರು ಕಣ್ಣು ಮುಚ್ಚಿಕೊಂಡರು.

“ಸಿಕ್ಕಿದೆ ಸ್ವಾಮಿ,” ಎಂದೆ, “ತಿಂದೂ ಆಯ್ತು.”