ಪಕ್ಕದ ಮನೆಯ ಅಕ್ಷರ

ಅಕ್ಷರವೆಂದರೆ ನನಗೆ ಮೊದಲಿನಿಂದಲೂ ಭಕ್ತಿ, ಅಂಕಿಯೆಂದರೆ ಭಯ. ಇಂಥವನಿಗೆ, ಅಕ್ಷರಗಳನ್ನೇ ಅಂಕಿ ಮಾಡಿಟ್ಟ ಜನರ ಜೊತೆ ಗಂಟುಬಿದ್ದಿತು. ಎಂಬತ್ತರ ದಶಕದಲ್ಲಿ ನಾನು ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತ. ನಮ್ಮ ಕೆಂಪು ಕಲ್ಲು ಜಪಾನಿಗೆ ಹೋಗಿ ಅಲ್ಲಿನ ಸಮಾಧಿಗಳ ಮೇಲೆ ನಿಲ್ಲುತ್ತಿತ್ತು. ಹೆಸರನ್ನು ಅವರೇ ಕೆತ್ತಿಕೊಳ್ಳುತ್ತಿದ್ದರು. ಆದರೆ ತಾನಿ ಎಂಬ ವ್ಯಾಪಾರಿಯೊಬ್ಬರು ನಮ್ಮವರ ಕೆತ್ತನೆಗೆ ಮನಸೋತು, ತೀರಿಹೋದ ತಮ್ಮ ತಂದೆಯ ಕಲ್ಲಿನ ಮೇಲೆ ಮನೆತನದ ಹೆಸರು ಇಳಕಲ್ಲಿನಲ್ಲೇ ಆಗಬೇಕೆಂದು ಹಠ ಹಿಡಿದರು.

ಹೆಸರು ಬರಬೇಕಾದದ್ದು ಟೆಲೆಕ್ಸ್‌ನಲ್ಲಿ. ಅದರಲ್ಲೋ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟರೆ ಬೇರೇನೂ ಬರುವುದಿಲ್ಲ. ಸಾವಿರಾರು ಅಕ್ಷರಗಳ ಆ ಜನ ಏನು ಮಾಡಿದ್ದಾರೆ ಗೊತ್ತೆ? ಕಂಪ್ಯೂಟರಿಗೆಂದು ಅಷ್ಟೂ ಅಕ್ಷರಗಳನ್ನು ಓಣಿ ಓಣಿಯಾಗಿ ಕೂರಿಸಿ, ಓಣಿಗೊಂದು ನಂಬರು, ಮನೆಗೊಂದು ನಂಬರು ಕೊಟ್ಟಿದ್ದಾರೆ. ಯಂತ್ರಕ್ಕೆ ಓದು ಬರಹ ಬೇಕಿಲ್ಲ, ವಿಳಾಸ ಹೇಳಿದರೆ ಆ ಮನೆಯ ಅಕ್ಷರವನ್ನು ತಂದು ನಿಲ್ಲಿಸುತ್ತದೆ. ದಿನಬಳಕೆಯ ಅಕ್ಷರಗಳನ್ನಂತೂ ಉಚ್ಚಾರದ ಪ್ರಕಾರ ಅಕ್ಕಪಕ್ಕ ಇಟ್ಟಿದ್ದಾರೆ. ಕನ್ನಡ ಟೈಪ್‌ರೈಟರಿನಲ್ಲಿ ಒಂದು ಒತ್ತಕ್ಷರ ಹೊಡೆಯುವಷ್ಟರಲ್ಲಿ ಬೆವರುತ್ತಿದ್ದ ನಾನು ಆ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ.

ತಾನಿಯವರ ಕಚೇರಿಯಿಂದ ಆ ಅಕ್ಷರಗಳ ಪಟ್ಟಿಯ ಝೆರಾಕ್ಸ್ ಬಂತು, ಹಿಂದೆಯೇ ಟೆಲೆಕ್ಸ್: ಓಣಿ ಮೂವತ್ತೈದು, ಮನೆ ಹನ್ನೊಂದು. ಝೆರಾಕ್ಸಿನಲ್ಲಿ ಓಣಿಯ ನಂಬರೇನೋ ಇತ್ತು. ಮನೆ ನಂಬರುಗಳಿದ್ದ ಮೇಲಂಚು ಮಾತ್ರ ಕತ್ತರಿಸಿಹೋಗಿತ್ತು. ಅದೇನು ಮಹಾ ಎಂದು ನಾನೇ ಎಣಿಸಿ, ಅಕ್ಷರವನ್ನು ದೊಡ್ಡದು ಮಾಡಿಸಿ ಕೆತ್ತನೆಗೆ ಕೊಟ್ಟೆ. ಕಲ್ಲು ಕನ್ನಡಿಯ ಹಾಗೆ ತಯಾರಾಯಿತು.

ತಾನಿಯವರು ಬರುವ ಹಿಂದಿನ ದಿನ, ನನ್ನ ಜಾಣತನ ಹೆಂಡತಿಗೂ ತಿಳಿಯಲೆಂದು ಪಟ್ಟಿ ಬಿಚ್ಚಿ ಅವಳೆದುರು ಎಣಿಸಿ ತೋರಿಸಿದೆ: "ಲಾಭ, ಒಂದು, ಎರಡು..." ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಶುಭವಾಗಲಿ ಎಂದು ನಾನೂ ಹಾಗೇ ಶುರುಮಾಡಿದ್ದೆ. ಬೇವೂರಿನ ಒಕ್ಕಲು ಮನೆತನದ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಏನ್ರಿ, ಲಾಭ ಅಂದಮ್ಯಾಲ ಎರಡು ಅನಬೇಕ್ರಿ. ಲಾಭಾನೇ ಒಂದು. ಹಿಂಗ ಅಳದ್ರ ನಮ್ಮಪ್ಪ ನಿಮ್ಮನ್ನ ಕಣದಾಗ ಕಾಲ ಇಡಾಕ ಬಿಡ್ತಿದ್ದಿಲ್ಲ."

ಹನ್ನೊಂದನೆಯ ಮನೆ ಬಿಟ್ಟು ಹನ್ನೆರಡನೆಯ ಮನೆಯ ಬಾಗಿಲು ಬಡಿದಿದ್ದೆ! ಓಡಿಹೋಗಿ ಕಾರ್ಖಾನೆಯ ಸಾವ್ಕಾರರಿಗೆ ಹೇಳಿದೆ. "ಅವರಪ್ಪನ ಹೆಸರಲೇ ಅದು! ನಾಳೆ ಏನಂತ ಮಾರಿ ತೋರಿಸೋಣು?" ಎಂದು ಅವರು ತಲೆಯ ಮೇಲೆ ಕೈಹೊತ್ತು ಕೂತರು.

ಮರುದಿನ ತಾನಿಯವರು ಕಲ್ಲಿನ ಮುಂದೆ ನಿಂತು, ಕಣ್ಣುಮುಚ್ಚಿ ಕೈಮುಗಿದು, ಕಣ್ಣು ತೆರೆದವರು ಹಾಗೇ ನಿಂತುಬಿಟ್ಟರು. ಅವರ ದುಭಾಷಿ ಮೆಲ್ಲಗೆ ವಿವರಿಸಿದ. ಹನ್ನೊಂದನೆಯ ಮನೆಯ ತಾನಿ ಎಂದರೆ ಕಣಿವೆ. ಪಕ್ಕದ ಮನೆಯಲ್ಲಿರುವುದು ತಾನುಕಿ, ಅಂದರೆ ಜನರನ್ನು ಏಮಾರಿಸುವುದೆಂದು ಕಥೆಗಳಲ್ಲಿ ಹೆಸರಾದ, ನರಿಯಂಥದೊಂದು ಡೊಳ್ಳುಹೊಟ್ಟೆಯ ಪ್ರಾಣಿ. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ತೊದಲುತ್ತ ಲಾಭದ ಲೆಕ್ಕ, ಹೆಂಡತಿ ತಪ್ಪು ಹಿಡಿದದ್ದು, ಎಲ್ಲ ಒಪ್ಪಿಸಿದೆ.

ಅವರು ಅದನ್ನು ಎರಡನೇ ಸಲ ಹೇಳಿಸಿಕೊಂಡರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು! ಅವರ ಊರಲ್ಲಿ ವ್ಯಾಪಾರ ಹೆಚ್ಚಲಿ ಎಂದು ಅಂಗಡಿಯ ಬಾಗಿಲಿಗೆ ನಿಲ್ಲಿಸುವುದು ಅದೇ ಪ್ರಾಣಿಯ ಬೊಂಬೆಯಂತೆ. "ಅಪ್ಪನಿಗೆ ಬೇರೆ ಕಲ್ಲು ಮಾಡಿ. ಇದು ನನ್ನ ಅಂಗಡಿಗೆ ಇರಲಿ. ಲಾಭ ಅಂತ ಕರೆದಿರಿ, ಅದೇ ಬಂದಿದೆ" ಎಂದರು. ಅಷ್ಟು ದೊಡ್ಡ ಮನಸ್ಸನ್ನು ನಾನು ಮತ್ತೆ ಕಂಡಿಲ್ಲ.

ಮುಂದಿನ ತಿಂಗಳು ಅವರ ಬಂಧುಗಳೊಬ್ಬರ ಕಲ್ಲಿಗೆ ಆರ್ಡರು ಬಂತು. ಓಣಿ, ಮನೆ ನಂಬರುಗಳ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: "ದಯವಿಟ್ಟು ಗುಮಾಸ್ತರ ಶ್ರೀಮತಿಯವರಿಂದ ಎಣಿಕೆ ಮಾಡಿಸಿ." ಟೆಲೆಕ್ಸ್ ಯಂತ್ರ ಇದ್ದದ್ದು ಬಾಗಲಕೋಟೆಯಲ್ಲಿ. ಕಾಗದ ಕಂಡಕ್ಟರನ ಕೈಯಲ್ಲಿ ಹುನಗುಂದ ದಾಟಿ ಬಸ್ಸಿನಲ್ಲಿ ಬರುತ್ತಿತ್ತು. ದಾರಿಯುದ್ದಕ್ಕೂ ಯಾರ್‍ಯಾರು ಓದಿದರೋ! ಅದು ನನ್ನ ಮೇಜಿಗೆ ಬರುವ ಹೊತ್ತಿಗೆ ಸಾವ್ಕಾರರು ಝೆರಾಕ್ಸನ್ನು ನಮ್ಮ ಮನೆಗೆ ಕಳಿಸಿಯಾಗಿತ್ತು.