ನಾವು ಇದ್ದೆವು, ಸಿಸ್ಟಮ್‌ನಲ್ಲಿ ಇರಲಿಲ್ಲ

ಪಾರ್ಸಲ್ ಹಂಚುವ ಕೆಲಸದಲ್ಲಿ ಇರುವವನಿಗೆ ನಗೆ ಬರಿಸುವ ಪ್ರಸಂಗಗಳಿಗೇನೂ ಬರವಿಲ್ಲ. ಬರ ಇರುವುದು ನಗುವ ಶಕ್ತಿಗೆ. ನಾನು ಹೈದರಾಬಾದಿನ ತಾರ್ನಾಕದಲ್ಲಿ ಒಂದು ಆನ್‌ಲೈನ್ ಅಂಗಡಿಯ ಡೆಲಿವರಿ ಕೇಂದ್ರ ನೋಡಿಕೊಳ್ಳುತ್ತೇನೆ. ಕೇಂದ್ರ ಎಂದರೆ ಒಂದು ಶಟರ್, ಒಂದಿಷ್ಟು ಕಬ್ಬಿಣದ ರ‍್ಯಾಕು, ಒಂದು ಕಂಪ್ಯೂಟರು, ಒಂದು ತೂಕದ ಯಂತ್ರ. ಊರಾಚೆಯ ದೊಡ್ಡ ಗೋದಾಮಿನಿಂದ ಬೆಳಿಗ್ಗೆ ಮಾಲು ಬರುತ್ತದೆ. ಅದನ್ನು ನಮ್ಮ ಹುಡುಗರು ಮನೆಮನೆಗೆ ಒಯ್ದು ಕೊಡುತ್ತಾರೆ. ಹುಡುಗರು ಅನ್ನುವುದು ರೂಢಿಯ ಮಾತು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಸೇಡಂ ಕಡೆಯವರು, ನಾವೆಲ್ಲ ಕಾಕಾ ಅನ್ನುತ್ತೇವೆ, ಅವರಿಗೆ ಮೊಮ್ಮಗಳಿದ್ದಾಳೆ.

ನನ್ನ ಮುಖ್ಯ ಕೆಲಸ ಫೋನಿನಲ್ಲಿ ಬೈಸಿಕೊಳ್ಳುವುದು. "ದಿನವಿಡೀ ಮನೆಯಲ್ಲೇ ಇದ್ದೆವು, ಯಾರೂ ಬರಲಿಲ್ಲ" ಎಂದು ಜನ ಕೂಗಾಡುತ್ತಾರೆ. "ಸಿಸ್ಟಮ್‌ನಲ್ಲಿ ನೀವು ಇರಲಿಲ್ಲ ಅಂತ ಬಂದಿದೆ" ಎಂದು ನಾನು ಹೇಳುತ್ತೇನೆ. ಕಂಪನಿ ಕಲಿಸಿದ ಮಾತು ಇದು. ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ನನಗೆ ಬಾಯಿಪಾಠ. ನಿಜ ಏನೆಂದರೆ, ಕೆಲವು ಹುಡುಗರು ಬಿಸಿಲು ನೋಡಿ, ಲಿಫ್ಟ್ ಇಲ್ಲದ ಬಿಲ್ಡಿಂಗ್ ನೋಡಿ, ಚಹಾದಂಗಡಿಯಲ್ಲೇ ಕುಳಿತು ಮೊಬೈಲಿನಲ್ಲಿ 'ಗ್ರಾಹಕರಿಲ್ಲ' ಎಂದು ಒತ್ತಿಬಿಡುತ್ತಾರೆ. ಹೀಗೆ ಮೂರು ಸಲ ಆಯಿತೆಂದರೆ ಆ ಆರ್ಡರ್ ತಾನೇ ರದ್ದಾಗುತ್ತದೆ. ಅದನ್ನು ಬದುಕಿಸುವ ಅಧಿಕಾರ ಯಾರಿಗೂ ಇಲ್ಲ.

ಬೇಗಂಪೇಟೆ ಆಫೀಸಿನಲ್ಲಿ ನಮ್ಮ ಮೇಲಿನ ಮೇಡಂ ಇದ್ದಾರೆ. ಮೈಸೂರಿನವರು, ಮಾತು ಮೆತ್ತಗೆ. ಅವರೊಂದು ದಿನ ಫೋನ್ ಮಾಡಿ, "ಸರ್, ಮೊದಲ್ನೇ ಸಲಕ್ಕೇ ಡೆಲಿವರಿ ಆಗೋದು ನಿಮ್ಮಲ್ಲಿ ತುಂಬಾ ಕಮ್ಮಿ. ದೀಪಾವಳಿ ಒಳಗೆ ಜಾಸ್ತಿ ಆಗ್ಲಿಲ್ಲ ಅಂದ್ರೆ ಸೆಂಟರ್ ಮುಚ್ಚಿ ಗೋದಾಮಿಗೆ ಸೇರಿಸ್ತಾರಂತೆ" ಅಂದರು. ಗೋದಾಮಿನ ಮೂಲೆಯಲ್ಲಿ ನನಗೊಂದು ಸ್ಟೂಲು ಸಿಗುತ್ತಿತ್ತು. ಕಾಕಾ ಮತ್ತು ಉಳಿದವರಿಗೆ ಅದೂ ಇಲ್ಲ. ಕಾಕಾನ ಮನೆ ನಮ್ಮ ಹಿಂದಿನ ಓಣಿಯಲ್ಲಿ. ಈ ಶಟರ್ ಬಿಟ್ಟರೆ ಅವರನ್ನು ಈ ವಯಸ್ಸಿನಲ್ಲಿ ಕೆಲಸಕ್ಕೆ ಕರೆಯುವವರು ಈ ಹೈದರಾಬಾದಿನಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಬೇಗಂಪೇಟೆಯಿಂದ ಬಂದ ಒಂದೊಂದು ಹೊಸ ಸ್ಕೀಮನ್ನೂ ನಾವು ಮೈಮುರಿದು ಮಾಡಿದೆವು.

ಸಮಯ ನಿಮ್ಮದು

ಮೊದಲು ಬಂದದ್ದು, ಗ್ರಾಹಕರೇ ತಮಗೆ ಬೇಕಾದ ಗಂಟೆ ಆರಿಸಿಕೊಳ್ಳುವ ಸ್ಕೀಮು. ಯೂನಿವರ್ಸಿಟಿಯಿಂದ ನಿವೃತ್ತರಾದ ಪ್ರೊಫೆಸರೊಬ್ಬರು ಸಂಜೆ ನಾಲ್ಕರಿಂದ ಐದು ಎಂದು ಆರಿಸಿದ್ದರು. ಕಾಕಾ ಸ್ವಲ್ಪ ಮೊದಲೇ ಹೋಗಿ ಬೆಲ್ ಒತ್ತಿದರು. ಕಿಟಕಿಯಿಂದ ಉತ್ತರ ಬಂತು, "ನಾಲುಗು ಇಂಕಾ ಕಾಲೇದು." ನಾಲ್ಕು ಇನ್ನೂ ಆಗಿಲ್ಲವಂತೆ. ಸರಿ ಎಂದು ಕಾಕಾ ಎದುರಿನ ಬೇವಿನ ಮರದ ಕೆಳಗೆ ಕುಳಿತರು. ನಾಲ್ಕು ಹೊಡೆದ ಮೇಲೆ ಮತ್ತೆ ಬೆಲ್ ಒತ್ತಿದರೆ ಮನೆಯಲ್ಲಿ ಯಾರೂ ಇಲ್ಲ. ಪ್ರೊಫೆಸರು ಹಿಂದಿನ ಗೇಟಿನಿಂದ ವಾಕಿಂಗ್ ಹೋಗಿದ್ದರು.

ನಾನು ಫೋನ್ ಮಾಡಿದೆ. "ನಾಲ್ಕರಿಂದ ಐದು ಎಂದರೆ ನಾಲ್ಕಕ್ಕೇ ಬಂದುಬಿಡುವುದೇ? ಈ ಊರಲ್ಲಿ ಹಾಗೆ ಯಾರು ಬರುತ್ತಾರೆ?" ಎಂದು ಅವರು ನನ್ನನ್ನೇ ತೆಲುಗಿನಲ್ಲಿ ತರಾಟೆಗೆ ತೆಗೆದುಕೊಂಡರು. ರಾತ್ರಿ ಅವರದೊಂದು ದೂರು ಬಂತು. ಯಾರೋ ಅಪರಿಚಿತ ತಮ್ಮ ಮನೆಯ ಮುಂದೆ ಬಹಳ ಹೊತ್ತು ಕುಳಿತು ಗೇಟನ್ನೇ ನೋಡುತ್ತಿದ್ದ, ಕಂಪನಿ ಇದಕ್ಕೆ ಉತ್ತರ ಕೊಡಬೇಕು ಎಂದು. ಜೊತೆಗೆ ಒಂದು ಫೋಟೊ. ಫೋಟೊದಲ್ಲಿ ಕಾಕಾ, ಅವರ ತೊಡೆಯ ಮೇಲೆ ಪ್ರೊಫೆಸರ ಪಾರ್ಸಲ್. ಅದರಲ್ಲಿದ್ದದ್ದು ಗೋಡೆ ಗಡಿಯಾರ.

ಶೇಠಜಿಯ ಸೇವೆ

ಮನೆಯಲ್ಲಿ ಇರದವರು ಹತ್ತಿರದ ಕಿರಾಣಿ ಅಂಗಡಿಗೆ ಹೋಗಿ ಪಾರ್ಸಲ್ ತೆಗೆದುಕೊಳ್ಳಲಿ ಎಂಬುದು ಎರಡನೆಯ ಸ್ಕೀಮು. ನಮ್ಮ ಓಣಿಯ ಕಿರಾಣಿ ಶೇಠಜಿ ಖುಷಿಯಿಂದ ಒಪ್ಪಿದರು. ಅಕ್ಕಿ ಚೀಲಗಳ ಪಕ್ಕ ಒಂದು ಹಲಗೆಯನ್ನೂ ಖಾಲಿ ಮಾಡಿಕೊಟ್ಟರು. ಮೊದಲ ವಾರವೇ ಆರ್ಡರುಗಳು ತುಂಬಿ ಬಂದವು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅನ್ನುವಂಥ ನಮ್ಮ ದಿನಗಳು ತೀರಿದವು ಅಂದುಕೊಂಡೆ.

ಜನ ಅಂಗಡಿ ಆರಿಸಿದ್ದು ಮನೆಯಲ್ಲಿ ಇರುವುದಿಲ್ಲ ಎಂದಲ್ಲ, ಮನೆಯಲ್ಲಿ ಗೊತ್ತಾಗಬಾರದು ಎಂದು. ಸೊಸೆ ಅತ್ತೆಗೆ ಹೇಳದೆ ಸೀರೆ ತರಿಸಿದ್ದಳು. ಗಂಡ ಹೆಂಡತಿಗೆ ಹೇಳದೆ ಮತ್ತೊಂದು ಮೊಬೈಲು ತರಿಸಿದ್ದ. ಶೇಠಜಿಗೆ ಓಣಿಯ ಪ್ರತಿ ಮನೆಯೂ ಗೊತ್ತು. ಅತ್ತೆ ತೊಗರಿಬೇಳೆಗೆ ಬಂದರೆ, ಬೇಳೆಯ ಜೊತೆಗೆ ಸೊಸೆಯ ಸೀರೆಯನ್ನೂ ಚೀಲಕ್ಕೆ ಹಾಕಿ ಕಳಿಸಿದರು. ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು, "ಬೆಹನ್‌ಜಿ, ಭಾರಿ ಮಾಲು, ಜೋಪಾನ" ಅಂದರು. ವಾರ ಮುಗಿಯುವುದರೊಳಗೆ ನಮ್ಮ ಓಣಿಯಲ್ಲಿ ಜಗಳವಿಲ್ಲದ ಮನೆ ಉಳಿಯಲಿಲ್ಲ.

ನಾನು ಹೋಗಿ ತಲೆ ಚಚ್ಚಿಕೊಂಡೆ. ಶೇಠಜಿ ಅಮಾಯಕರಾಗಿ, "ಘರ್ ಕೀ ಚೀಜ್ ಘರ್ ಕೋ ಗಯೀ, ಕ್ಯಾ ಗಲತ್ ಕರಾ ಮೈಂ?" ಅಂದರು. ಮನೆಯ ವಸ್ತು ಮನೆಗೇ ಹೋಯಿತು, ತಪ್ಪೇನು ಮಾಡಿದೆ ಅಂತ. ಅಷ್ಟರಲ್ಲಿ ಮೇಡಂ ಫೋನು. "ಕಂಗ್ರಾಟ್ಸ್ ಸರ್, ಈ ವಾರ ಮೊದಲ್ನೇ ಸಲಕ್ಕೇ ಎಲ್ಲಾ ಡೆಲಿವರಿ ಆಗಿದೆ!" ಮುಂದಿನ ವಾರ ಅಷ್ಟೂ ಮಾಲು ವಾಪಸ್ ಬಂತು. ಮೊಬೈಲು ಮಾತ್ರ ಬರಲಿಲ್ಲ, ಅದನ್ನು ಹೆಂಡತಿ ಇಟ್ಟುಕೊಂಡಳಂತೆ.

ಮೇಲಿನ ಮನೆಗೆ ಕುಕ್ಕರ್

ಗ್ರಾಹಕರಿಗೆ ಎಲ್ಲಕ್ಕಿಂತ ಹತ್ತಿರದ ಅಂಗಡಿಯಿಂದಲೇ ಮಾಲು ಎತ್ತಿ ಕೊಡುವುದು ಮುಂದಿನ ಸ್ಕೀಮು. ಐಟಿ ಕೆಲಸದಲ್ಲಿದ್ದ ಉಡುಪಿ ಕಡೆಯ ಹೆಣ್ಣುಮಗಳೊಬ್ಬಳು ಒಂದು ಕುಕ್ಕರ್ ತರಿಸಿದಳು. ಸಿಸ್ಟಮ್ ಹುಡುಕಿದ ಅತಿ ಹತ್ತಿರದ ಪಾತ್ರೆ ಅಂಗಡಿ ಅವಳ ಮನೆಯ ಕೆಳಗೇ ಇತ್ತು. ಇವಳು ಮೇಲಿನ ಮಹಡಿ, ಕುಕ್ಕರ್ ಕೆಳಗಿನ ಮಹಡಿ.

ಕಾಕಾ ಅಂಗಡಿಯಿಂದ ಕುಕ್ಕರ್ ಎತ್ತಿಕೊಂಡು ನನಗೆ ಫೋನ್ ಮಾಡಿದರು. "ಸಾಹೇಬ್ರ, ಮ್ಯಾಲ ಹತ್ತಿ ಕೊಟ್ಟು ಬರ್ಲೇನ್ರಿ? ಆ ತಂಗಿ ಬಾಲ್ಕನ್ಯಾಗ ನಿಂತು ನೋಡಾಕತ್ತಾಳ."

ನಾನು ಮೇಡಂಗೆ ಕೇಳಿದೆ. "ಆಗಲ್ಲ ಸರ್, ಗೋದಾಮಲ್ಲಿ ಸ್ಕ್ಯಾನ್ ಆಗ್ದೆ ಡೆಲಿವರಿ ಮಾಡೋ ಹಾಗಿಲ್ಲ" ಅಂದರು. ಕುಕ್ಕರ್ ಅವಳ ಕಣ್ಣೆದುರೇ ಗಾಡಿ ಹತ್ತಿ ನಮ್ಮ ಕೇಂದ್ರಕ್ಕೆ ಬಂತು, ಅಲ್ಲಿಂದ ರಿಂಗ್ ರೋಡ್ ದಾಟಿ ಗೋದಾಮಿಗೆ ಹೋಯಿತು, ಅಲ್ಲೆರಡು ದಿನ ವಿಶ್ರಾಂತಿ ತೆಗೆದುಕೊಂಡು ಮತ್ತೆ ರಿಂಗ್ ರೋಡ್ ದಾಟಿ ನಮ್ಮಲ್ಲಿಗೆ ಬಂತು. ಕಾಕಾ ಅದನ್ನು ಅವಳ ಕೈಗಿಟ್ಟಾಗ, "ಇದು ಕೆಳಗಿನ ಅಂಗಡಿಯದ್ದೇ ಅಲ್ವಾ ಮಾರಾಯ್ರೆ?" ಅಂದಳಂತೆ. ಡಬ್ಬ ಬಿಚ್ಚಿದರೆ ಮುಚ್ಚಳದ ಹಿಡಿ ಮುರಿದಿತ್ತು. ಮೆಟ್ಟಿಲಿಳಿದು ಬದಲಿಸಿಕೊಡಿ ಎಂದು ಅಂಗಡಿಯವನನ್ನು ಕೇಳಿದಳು. ಅವನು ಕುಕ್ಕರನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ, "ಆನ್‌ಲೈನಿನಲ್ಲಿ ತಗೊಂಡಿದ್ದಕ್ಕೆ ನಾವು ಜವಾಬ್ದಾರರಲ್ಲಮ್ಮಾ."

ತೊಟ್ಟು ನೋಡಿ

ಬಟ್ಟೆ ತೊಟ್ಟು ನೋಡಿ, ಹಿಡಿಸದಿದ್ದರೆ ಅಲ್ಲೇ ಹಿಂದಿರುಗಿಸಬಹುದು, ಅಲ್ಲಿಯವರೆಗೆ ಡೆಲಿವರಿಯವರು ಬಾಗಿಲಲ್ಲಿ ಕಾಯಬೇಕು. ಈ ಸ್ಕೀಮಿಗೆ ಕಂಪನಿಯವರು ಕಾಕಾನನ್ನು ಕಂಪ್ಯೂಟರ್ ಕೋರ್ಸಿನ ಹುಡುಗರು ತುಂಬಿರುವ ಅಮೀರ್‌ಪೇಟ್ ಹಾಸ್ಟೆಲುಗಳಿಗೆ ಹಾಕಿದರು. ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿದ್ದ ರಾಯಚೂರಿನ ತರುಣನೊಬ್ಬ ಬಿಳಿ ಅಂಗಿ ತೊಟ್ಟುಕೊಂಡು, "ಕಾಕಾ, ದೋಸ್ತಗ ತೋರ್ಸಿ ಬರ್ತೀನಿ" ಎಂದು ಹೋದವನು ಬರಲೇ ಇಲ್ಲ. ಅವನ ಹಳೆ ಅಂಗಿ ಹಿಡಿದು ಕಾಕಾ ಹಾಸ್ಟೆಲಿನ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕುಳಿತರು. ಬಿಟ್ಟು ಬರುವಂತಿಲ್ಲ, ಅಂಗಿ ಕಂಪನಿಯದು.

ಊಟದ ಹೊತ್ತಿಗೆ ಅವನು ಬೆವರಿಳಿಸುತ್ತ ಮೆಟ್ರೊ ಕಡೆಯಿಂದ ನಡೆದು ಬಂದ. ಇಂಟರ್‌ವ್ಯೂಗೆ ಹೋಗಿದ್ದನಂತೆ. ಕಾಕಾ ಒಂದು ಬೈಗುಳವನ್ನೂ ಬೈಯದೆ ಅಂಗಿ ವಾಪಸ್ ತೆಗೆದುಕೊಂಡು ಬಂದರು. ನನಗೆ ಎಲ್ಲಿಲ್ಲದ ಸಿಟ್ಟು.

"ಕೆಲಸ ಆದರೂ ಸಿಕ್ಕಿತೇನ್ರಿ ಅವಗ?" ಅಂತ ಕೇಳಿದೆ.

"ಇಲ್ರಿ ಸಾಹೇಬ್ರ. ಒಳಗ ಹ್ವಾದ ಕೂಡ್ಲೇ ಅವರು ಕೇಳ್ಯಾರ, ಬೆನ್ನ ಮ್ಯಾಲ ರೇಟಿನ ಚೀಟಿ ಯಾಕ ಜೋತಾಡಾಕತ್ತೈತಿ ಅಂತ. ಅದನ್ನ ಹರದ್ರ ನಾವು ವಾಪಸ್ ತಗೋತಿದ್ದಿಲ್ಲಲ್ರಿ."

ಗ್ರಾಹಕರಿಲ್ಲ

ದೀಪಾವಳಿ ಬಂತು, ಹೋಯಿತು. ಮೇಡಂ ಫೋನ್ ಮಾಡಿ, "ನಂಗೂ ಬೇಜಾರೇ ಸರ್. ನಾಳೆ ವ್ಯಾನ್ ಬರತ್ತೆ. ರ‍್ಯಾಕು, ಕಂಪ್ಯೂಟರ್ ಎಲ್ಲಾ ಕೊಟ್ಬಿಡಿ. ಸಾಮಾನು ಗೋದಾಮಿಗೆ ಬಂದ ತಕ್ಷಣ ಸೆಂಟರ್ ಕ್ಲೋಸ್" ಅಂದರು.

ಬೇರೆ ಲಾರಿ ಯಾಕೆ ಎಂದು ಕಂಪನಿ ಅದನ್ನೂ ತನ್ನದೇ ಸಿಸ್ಟಮ್‌ನಲ್ಲಿ 'ವಾಪಸ್ ಮಾಲು' ಎಂದು ಹಾಕಿತ್ತು. ಗ್ರಾಹಕರ ಹೆಸರು ತಾರ್ನಾಕ ಕೇಂದ್ರ. ಊರಲ್ಲಿ ಯಾವ ಬಾಡಿಗೆ ವ್ಯಾನಿನವನು ಖಾಲಿ ಇದ್ದಾನೋ ಅವನು ಬಂದು ಎತ್ತಿಕೊಂಡು ಹೋಗುವುದು. ಇದೇ ಕೊನೆಯ ಸ್ಕೀಮು.

ಬೆಳಿಗ್ಗೆ ರ‍್ಯಾಕುಗಳನ್ನು ಹಗ್ಗದಿಂದ ಬಿಗಿದೆವು. ಕಾಕಾ ನೆಲ ಗುಡಿಸಿ, ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. ನನಗೆ ಅಳು ಬಂತು. ಎಲ್ಲರೂ ಶಟರ್ ಮುಂದೆ ಸಾಲಾಗಿ ಕುಳಿತೆವು. ಮಧ್ಯಾಹ್ನ ನನ್ನ ಮೊಬೈಲಿಗೆ ಸಂದೇಶ ಬಂತು: 'ನಮ್ಮ ಪ್ರತಿನಿಧಿ ಬಂದಿದ್ದರು. ನೀವು ಸ್ಥಳದಲ್ಲಿ ಇರಲಿಲ್ಲ.'

ಕಾಕಾ ಎದ್ದು ಓಣಿಯ ತುದಿಯವರೆಗೆ ಹೋಗಿ ನೋಡಿ ಬಂದರು. "ವ್ಯಾನು ಚಾದಂಗಡಿ ಮುಂದ ನಿಂತೈತ್ರಿ. ಇಷ್ಟು ಕಬ್ಬಿಣ ಒಬ್ಬಾಂವ ಹೆಂಗ ಎತ್ತತಾನ್ರಿ ಪಾಪ" ಅಂದರು. ಎರಡನೆಯ ದಿನವೂ ಅದೇ ವ್ಯಾನು, ಅದೇ ಸಂದೇಶ. ಹೋಗಿ ಕರೆಯೋಣ ಎಂದು ನಾನು ಎದ್ದರೆ ಕಾಕಾ ಕೈ ಹಿಡಿದು ಕೂರಿಸಿದರು. ಮೂರನೆಯ ದಿನ ಅವರೇ ಚಹಾದಂಗಡಿಗೆ ಹೋದರು. ಡ್ರೈವರನಿಗೆ ಒಂದು ಇರಾನಿ ಚಹಾ, ಎರಡು ಉಸ್ಮಾನಿಯಾ ಬಿಸ್ಕೀಟು ಹೇಳಿ, ದುಡ್ಡು ಕೊಟ್ಟು, ಸಾಮಾನಿನ ಮಾತೆತ್ತದೆ ವಾಪಸ್ ಬಂದು ಕುಳಿತರು. ಚಹಾ ಮುಗಿಯುವ ಹೊತ್ತಿಗೆ ಮೊಬೈಲಿಗೆ ಮೂರನೆಯ ಸಲ ಅದೇ ಸಂದೇಶ ಬಂತು.

ಮೇಡಂ ಫೋನು ಬಂತು. "ಏನ್ ಸರ್, ಮೂರು ದಿನದಿಂದ ಎಲ್ಲಿ ಹೋಗಿದ್ರಿ?"

"ಎಲ್ಲೀ ಹೋಗಿಲ್ರಿ ಮೇಡಂ. ಬಾಗಲ್ದಾಗ ಕುಂತೇವಿ."

"ಸಿಸ್ಟಮ್‌ನಲ್ಲಿ ನೀವು ಇರ್ಲಿಲ್ಲ ಅಂತ ಬಂದಿದೆ ಸರ್."

"ಇದ್ವಿ ಮೇಡಂ, ಎಲ್ಲಾರೂ ಇದ್ವಿ."

"ಎಲ್ಲಾರೂ ಹಾಗೇ ಹೇಳ್ತಾರೆ ಸರ್" ಅಂದರು ಮೇಡಂ. ಆಮೇಲೆ ದನಿ ತಗ್ಗಿಸಿ, "ಮೂರು ಸಲ ಆಯ್ತಲ್ಲ, ಆರ್ಡರ್ ಕ್ಯಾನ್ಸಲ್ ಆಗ್ಬಿಟ್ಟಿದೆ. ಸಾಮಾನು ವಾಪಸ್ ಬರ್ದೇ ಸೆಂಟರ್ ಮುಚ್ಚೋಕೆ ಸಿಸ್ಟಮ್ ಬಿಡ್ತಿಲ್ಲ. ಮತ್ತೆ ಯಾರಿಗೆ ಹೇಳ್ಬೇಕು ಅಂತ ನಂಗೂ ಗೊತ್ತಿಲ್ಲ. ನೀವು ಕೆಲ್ಸ ಮಾಡ್ತಾ ಇರಿ" ಅಂದರು. ಮರುದಿನ ಬೆಳಿಗ್ಗೆ ಎಂದಿನಂತೆ ಮಾಲು ಬಂತು. ಇವತ್ತಿಗೂ ನಮ್ಮ ರ‍್ಯಾಕುಗಳಿಗೆ ಹಗ್ಗ ಕಟ್ಟಿಯೇ ಇದೆ, ಪಾರ್ಸಲುಗಳನ್ನು ಹಗ್ಗದ ಸಂದಿನಲ್ಲೇ ತುರುಕುತ್ತೇವೆ. ಸಿಸ್ಟಮ್‌ಗೆ ನಾವು ಸಿಗುವವರೆಗೆ ನಮ್ಮ ಅನ್ನ ಉಂಟು. ಯಾವತ್ತು ಸಿಗುತ್ತೇವೋ ಗೊತ್ತಿಲ್ಲ.

ಮೇಡಂ ಫೋನು ಬಂದ ಆ ಮೂರನೆಯ ದಿನದ ಸಂಜೆ ಮೊಬೈಲಿಗೆ ಕೊನೆಯದೊಂದು ಸಂದೇಶ ಬಂತು. 'ನಮ್ಮ ಪ್ರತಿನಿಧಿಯ ಸೇವೆ ಹೇಗಿತ್ತು? ಸ್ಟಾರ್ ಕೊಡಿ.' ಮೂರು ದಿನ ಚಹಾದಂಗಡಿ ದಾಟಿ ಬರದವನಿಗೆ ಸ್ಟಾರ್ ಬೇರೆ ಕೇಡು ಎಂದು ಅಳಿಸಹೊರಟೆ. ಕಾಕಾ ಮೊಬೈಲು ಕಸಿದುಕೊಂಡು, ಕನ್ನಡಕ ಏರಿಸಿಕೊಂಡು, ಒಂದೊಂದಾಗಿ ಒತ್ತಿ ಐದೂ ಸ್ಟಾರ್ ಕೊಟ್ಟರು.

"ಇದೇನ್ರಿ ಕಾಕಾ?" ಅಂದೆ.

"ಇಷ್ಟು ವರ್ಷ ಇದೇ ಕೆಲಸ ಮಾಡೇನ್ರಿ ಸಾಹೇಬ್ರ" ಅಂದರು ಕಾಕಾ, ನಿಂಬೆಹಣ್ಣನ್ನು ಮತ್ತೆ ಬಾಗಿಲಿಗೆ ಕಟ್ಟುತ್ತ. "ಇಷ್ಟು ಚಲೋ ಸರ್ವಿಸ್ ನಾನೂ ಯಾರಿಗೂ ಕೊಟ್ಟಿಲ್ಲ."